ಟ್ಯಾಂಕ್ ತೇಗುವ ಮುನ್ನ: ಕ್ಯಾಂಪರ್ ವ್ಯಾನ್‌ಗೆ ಡೀಸೆಲ್ ತುಂಬಿಸುವಾಗ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಾವು ಎರಡು ಕನ್ನಡ ಕುಟುಂಬಗಳು ಸೇರಿ ವರ್ಷಕ್ಕೊಮ್ಮೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ರತ್ನಾಗಿರಿ, ಗೋವಾ ದಾಟಿ ಕಾರವಾರದ ಕಡೆ ಹೋಗ್ತೀವಿ. ಮೋಟರ್‌ಹೋಮ್ ಅಂದ್ರೂ ಅದೇ. ಇವತ್ತಿನ ವಿಷಯ ಸಣ್ಣದು: ಇಂಥ ಗಾಡಿಗೆ ಡೀಸೆಲ್ ತುಂಬಿಸುವಾಗ ಅದು ವಾಪಸ್ ಚಿಮ್ಮದ ಹಾಗೆ ನೋಡಿಕೊಳ್ಳೋದು ಹೇಗೆ?

ಇದಕ್ಕೂ ಒಂದು ಮಾತುಕತೆ ಬೇಕಾ ಅಂತ ಕೇಳಬಹುದು. ಬೇಕು. ಕಾರಿನ ಪಕ್ಕ ನಾಲ್ಕು ಹನಿ ಡೀಸೆಲ್ ಬಿದ್ದರೆ ನಾವು ಮನೆಗೆ ಹೋಗಿ ಮಲಗ್ತೀವಿ. ಕ್ಯಾಂಪರ್ ವ್ಯಾನಿನಲ್ಲಿ ಆ ಗಾಡಿಯೇ ಮನೆ. ಡೀಸೆಲ್ ಪೆಟ್ರೋಲ್ ಥರ ಬೇಗ ಆವಿಯಾಗಲ್ಲ. ಬಾಗಿಲ ಮೆಟ್ಟಿಲಿಗೆ, ಚಪ್ಪಲಿಗೆ ಅಂಟಿದ್ದು ಮಕ್ಕಳ ಹಾಸಿಗೆವರೆಗೂ ಬರುತ್ತೆ. ಎರಡು ದಿನ ಅದೇ ವಾಸನೆಯಲ್ಲಿ ಊಟ, ನಿದ್ದೆ. ನೆಲದ ಮೇಲೆ ಬಿದ್ದದ್ದು ಜಾರುತ್ತೆ. ಹಿಂದೆ ಬರುವ ಬೈಕಿನವನಿಗೆ ಅದು ಅಪಾಯ.

ಕಣ್ಣಿನ ವಿಷಯವನ್ನಂತೂ ಮರೆಯಬಾರದು. ಒಮ್ಮೆ ಹೆದ್ದಾರಿಯ ಬಂಕೊಂದರಲ್ಲಿ ನಾಝಲ್ ಟಕ್ ಅಂತ ನಿಂತಿತ್ತು. ಹುಡುಗ 4,960 ರೂಪಾಯಿಯನ್ನು 5,000 ಮಾಡೋಣ ಅಂತ ಮತ್ತೆ ಒತ್ತಿದ. ಪಕ್ಕದಲ್ಲಿ ನಿಂತಿದ್ದ ನನ್ನ ಗೆಳೆಯನ ಮುಖಕ್ಕೇ ಡೀಸೆಲ್ ಹಾರಿತು. ಅವನು ಕನ್ನಡಕ ಹಾಕಿದ್ದರಿಂದ ಬಚಾವ್. 40 ರೂಪಾಯಿಯ ರೌಂಡ್ ಫಿಗರ್‌ಗೆ ಕಣ್ಣು ಪಣಕ್ಕಿಡೋದು ಯಾವ ಲೆಕ್ಕ?

ಈಗ ಚಿಮ್ಮೋದು ಯಾಕೆ ಅಂತ ನೋಡೋಣ. ಬಾಯಿ ಕಿರಿದಾದ ಹೂಜಿಗೆ ಒಂದೇ ಸಲ ನೀರು ಸುರಿದರೆ ಗುಳುಗುಳು ಅಂತ ಉಕ್ಕುತ್ತಲ್ಲ, ಇದೂ ಅದೇ. ಖಾಲಿ ಟ್ಯಾಂಕ್ ನಿಜವಾಗಿ ಖಾಲಿ ಇರಲ್ಲ, ಅದರ ತುಂಬ ಗಾಳಿ ಇರುತ್ತೆ. ಪಂಪು ನಿಮಿಷಕ್ಕೆ 40 ಲೀಟರ್ ಡೀಸೆಲ್ ಒಳಗೆ ತಳ್ಳಿದರೆ ನಿಮಿಷಕ್ಕೆ 40 ಲೀಟರ್ ಗಾಳಿ ಹೊರಗೆ ಬರಲೇಬೇಕು. ಅದಕ್ಕಂತ ಒಂದು ಸಣ್ಣ ವೆಂಟ್ ಪೈಪ್ ಇರುತ್ತೆ. ಅದು ಸಾಲದೇ ಹೋದರೆ ಗಾಳಿ ಡೀಸೆಲ್ ಬರುವ ದಾರಿಯಲ್ಲೇ ಎದುರು ನುಗ್ಗುತ್ತೆ, ನೊರೆಯನ್ನೂ ಹೊತ್ತು ತರುತ್ತೆ. ಟ್ಯಾಂಕ್ ತೇಗುತ್ತೆ, ಅಷ್ಟೇ. ನಮ್ಮ ಕೆಲಸದಲ್ಲಿ ಬ್ಯಾಕ್‌ಪ್ರೆಶರ್ ಅಂತೀವಲ್ಲ, ಆ ಪದ ಬಂದದ್ದೇ ಇಂಥ ಪೈಪುಗಳಿಂದ.

ಕ್ಯಾಂಪರ್ ವ್ಯಾನಿನಲ್ಲಿ ಇದು ಯಾಕೆ ಜಾಸ್ತಿ? ವ್ಯಾನನ್ನು ಮನೆಯಾಗಿ ಬದಲಾಯಿಸುವಾಗ ನೀರಿನ ಟ್ಯಾಂಕ್, ಕಪಾಟು, ಬ್ಯಾಟರಿ ಎಲ್ಲ ಸೇರಿಸ್ತಾರೆ. ಅವುಗಳ ನಡುವೆ ಫಿಲ್ಲರ್ ಪೈಪು ಉದ್ದವಾಗಿ, ಹೆಚ್ಚು ಬಾಗಿ, ಕೆಲವೊಮ್ಮೆ ಬಹುತೇಕ ಅಡ್ಡವಾಗಿ ಹೋಗಬಹುದು. ವೆಂಟ್ ಪೈಪು ಎಲ್ಲೋ ಮಡಚಿಕೊಂಡಿರಬಹುದು. ಡೀಸೆಲ್ ಬೇರೆ ಪೆಟ್ರೋಲಿಗಿಂತ ಹೆಚ್ಚು ನೊರೆ ಬರಿಸುತ್ತೆ.

ಇನ್ನು ನಾಝಲ್. ಅದು ತಾನಾಗೇ ನಿಲ್ಲುತ್ತಲ್ಲ, ಅದರಲ್ಲಿ ಸೆನ್ಸರ್ ಚಿಪ್ ಏನೂ ಇಲ್ಲ. 1797ರಲ್ಲಿ ಇಟಲಿಯ ವೆಂಚುರಿ ಪ್ರಕಟಿಸಿದ ತತ್ವವೇ ಅಲ್ಲಿ ಕೆಲಸ ಮಾಡೋದು. ನಾಝಲ್ ತುದಿಯ ಹತ್ತಿರ ಒಂದು ಸಣ್ಣ ತೂತು ಇದೆ. ಒಳಗೆ ಡೀಸೆಲ್ ವೇಗವಾಗಿ ಹರಿಯುವಾಗ ಆ ತೂತಿನಿಂದ ಗಾಳಿ ಎಳೆದುಕೊಳ್ತಾ ಇರುತ್ತೆ. ಡೀಸೆಲ್ ಅಥವಾ ನೊರೆ ಬಂದು ತೂತು ಮುಚ್ಚಿದರೆ ಒಳಗೆ ನಿರ್ವಾತ ಹೆಚ್ಚಿ, ಒಂದು ಪರದೆ ಎಳೆದು, ವಾಲ್ವ್ ಟಕ್ ಅಂತ ಮುಚ್ಚುತ್ತೆ. ಅಂದ್ರೆ ನಾಝಲ್‌ಗೆ ಟ್ಯಾಂಕ್ ತುಂಬಿದೆಯೋ ಇಲ್ಲವೋ ಗೊತ್ತಿಲ್ಲ. ತನ್ನ ತುದಿಗೆ ಏನೋ ತಾಗಿದೆ ಅನ್ನೋದಷ್ಟೇ ಗೊತ್ತು. ನಿಮಿಷಕ್ಕೆ 40 ಲೀಟರ್ ಅಂದ್ರೆ ಅರ್ಧ ಸೆಕೆಂಡಿಗೆ 300 ಮಿಲಿಗಿಂತ ಹೆಚ್ಚು. ಕತ್ತಿನವರೆಗೆ ತುಂಬಿದ ಪೈಪಿಗೆ ಮತ್ತೆ ಒತ್ತಿದರೆ ಅದೆಲ್ಲ ಹೊರಗೇ.

ಹಾಗಾದರೆ ಏನು ಮಾಡೋದು? ನಾನು ಪಾಲಿಸುವ ಕ್ರಮ ಹೇಳ್ತೀನಿ.

ಮೊದಲನೆಯದು, 'ಫುಲ್ ಮಾಡಿ' ಅನ್ನಬೇಡಿ, ಲೀಟರ್ ಹೇಳಿ. 70 ಲೀಟರ್ ಟ್ಯಾಂಕ್, ಕಾಲು ಭಾಗ ಉಳಿದಿದೆ ಅಂದ್ರೆ 45 ಲೀಟರ್ ಪ್ರೀಸೆಟ್ ಮಾಡಿಸಿ. ಕತ್ತು ಮುಟ್ಟುವ ಮೊದಲೇ ಪಂಪು ನಿಲ್ಲುತ್ತೆ. ಚಿಮ್ಮುವ ಪ್ರಶ್ನೆಯೇ ಬಹುಮಟ್ಟಿಗೆ ಮುಗೀತು. ಇನ್ನೊಂದು ಲಾಭವೂ ಇದೆ. ನೆಲದಡಿಯ ಟ್ಯಾಂಕಿನಿಂದ ಬಂದ ತಂಪು ಡೀಸೆಲ್ ಬಿಸಿಲಲ್ಲಿ ಹಿಗ್ಗುತ್ತೆ. 60 ಲೀಟರ್ 15 ಡಿಗ್ರಿ ಬಿಸಿಯಾದರೆ ಸುಮಾರು ಮುಕ್ಕಾಲು ಲೀಟರ್ ಹೆಚ್ಚಾಗುತ್ತೆ. ಅದಕ್ಕೆ ಜಾಗ ಬೇಕಲ್ಲ!

ಎರಡನೆಯದು, ನಿಧಾನ. ಲಾರಿಗಳಿಗೆ ಇಟ್ಟಿರುವ ಹೈ-ಫ್ಲೋ ಪಂಪಿನ ಹತ್ತಿರ ನಿಲ್ಲಿಸಬೇಡಿ. ಟ್ರಿಗರ್ ಮೊದಲ ಹಂತದಲ್ಲೇ ಇರಲಿ. ನಮ್ಮಲ್ಲಿ ತುಂಬಿಸೋರು ಬಂಕಿನವರು, ಹಾಗಾಗಿ ಅವರ ಭಾಷೆಯಲ್ಲಿ ಕೇಳಿ. ಪುಣೆ, ಮುಂಬೈಯಲ್ಲಿ 'ಹಳೂ ಭರಾ', ದೆಹಲಿಯಲ್ಲಿ 'ಧೀರೇ ಭರಿಯೇ', ಚೆನ್ನೈಯಲ್ಲಿ 'ಮೆದುವಾ ಪೋಡುಂಗ', ಹೈದರಾಬಾದಿನಲ್ಲಿ 'ನೆಮ್ಮದಿಗಾ ಪೋಯಂಡಿ'. ತೆಲುಗಿನ ನೆಮ್ಮದಿ ಅಂದ್ರೆ ನಿಧಾನ, ನಮ್ಮ ನೆಮ್ಮದಿ ಅಂದ್ರೆ ಶಾಂತಿ. ಇಲ್ಲಿ ಎರಡೂ ಒಂದೇ.

ಮೂರನೆಯದು, ನಾಝಲ್ ಪೂರ್ತಿ ಒಳಗೆ ಹೋಗಲಿ. ಟ್ಯಾಂಕ್ ಅರ್ಧ ಖಾಲಿ ಇದ್ದರೂ ಪದೇಪದೇ ಟಕ್ ಅಂದರೆ ನೊರೆ ತಾಗ್ತಿದೆ ಅಂತ ಅರ್ಥ. ನಾಝಲ್ ಸ್ವಲ್ಪ ತಿರುಗಿಸಿ, ಇಲ್ಲವೇ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ತಂದು, ಇನ್ನೂ ನಿಧಾನ ಮಾಡಿಸಿ. ಆಗಲೂ ನಿಲ್ಲದಿದ್ದರೆ ಬಾಡಿಗೆ ಕೊಟ್ಟವರಿಗೆ ವೆಂಟ್ ಪೈಪು ನೋಡಿ ಅಂತ ಹೇಳಿ. ಸಾಧ್ಯವಾದರೆ ಗಾಡಿ ತಗೊಳ್ಳುವ ದಿನವೇ, ಅವರ ಎದುರಲ್ಲೇ ಒಮ್ಮೆ ತುಂಬಿಸಿ ನೋಡಿ.

ನಾಲ್ಕನೆಯದು, ತುಂಬುವ ಮಧ್ಯದಲ್ಲೇ ಟಕ್ ಅಂದರೆ ಬೇರೆ ಮಾತು; ಕೊನೆಯಲ್ಲಿ ಟಕ್ ಅಂದರೆ ಮುಗೀತು. ಹತ್ತು ಸೆಕೆಂಡ್ ಕಾಯಿರಿ, ನೊರೆ ಇಳಿಯಲಿ, ಆಮೇಲೆ ನಾಝಲ್ ತುದಿ ಮೇಲೆ ಮಾಡಿ ತೆಗೆಯಲಿ. ಮುಚ್ಚಳವನ್ನೂ ಮೊದಲು ಕಾಲು ಸುತ್ತು ತಿರುಗಿಸಿ, ಉಸ್ ಅನ್ನೋದು ನಿಂತ ಮೇಲೆ ಪೂರ್ತಿ ತೆಗೆಯಿರಿ. ನೇರ ಎದುರಿಗೆ ಯಾರೂ ನಿಲ್ಲಬೇಡಿ, ಮಕ್ಕಳಂತೂ ಬೇಡವೇ ಬೇಡ.

ಇಷ್ಟಾದರೂ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಲೆನ್ಸ್ ಇದ್ದರೆ ತೆಗೆದು, 15 ನಿಮಿಷ ಶುದ್ಧ ನೀರಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ. ಬಟ್ಟೆ ನೆನೆದರೆ ತಕ್ಷಣ ಬದಲಾಯಿಸಿ, ಚರ್ಮವನ್ನು ಸೋಪು ಹಾಕಿ ತೊಳೆಯಿರಿ.

ಕೊನೆಗೆ ಇದನ್ನ ಮರೀಬೇಡಿ: ಕ್ಯಾಂಪರ್ ವ್ಯಾನಿನಲ್ಲಿ ಅಡುಗೆಮನೆಯೂ ಇದೆ. ಬಂಕಿಗೆ ತಿರುಗುವ ಮೊದಲೇ ಸ್ಟವ್ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಇದ್ದರೆ ಅದನ್ನೂ ಆರಿಸಿ, ಅದರೊಳಗೆ ಸದಾ ಒಂದು ಸಣ್ಣ ಜ್ವಾಲೆ ಇರುತ್ತೆ. ಪಕ್ಕದ ಪಂಪಿನಲ್ಲಿ ಪೆಟ್ರೋಲ್ ತುಂಬಿಸ್ತಾ ಇರ್ತಾರೆ ಅನ್ನೋದು ನೆನಪಿರಲಿ.

ದೀಪಾವಳಿಗೋ ಬೇಸಿಗೆ ರಜೆಗೋ ನಾವೆಲ್ಲ ಊರಿನ ದಾರಿ ಹಿಡಿದಾಗ ಬಂಕಿನಲ್ಲಿ ಅವಸರ ಇದ್ದೇ ಇರುತ್ತೆ. ಮೂರು ನಿಮಿಷ ಹೆಚ್ಚಾಗುತ್ತೆ, ಆಗಲಿ. ಗಾಳಿಗೆ ಹೊರಗೆ ಬರೋಕೆ ಸಮಯ ಕೊಡಿ, ಡೀಸೆಲ್ ತಾನಾಗಿ ಒಳಗೆ ಹೋಗುತ್ತೆ. ನಿಮ್ಮ ಗಾಡಿಯ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.