ಸಿಗಡಿ ಸಿಪ್ಪೆಯ ಗುಣ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಅಡಿಗೆಮನೆಯಲ್ಲಿ ಸಿಗಡಿ ಬಿಡಿಸಿದವರಿಗೆಲ್ಲ ಅದರ ತಲೆಯ ಮುಳ್ಳಿನ ಪರಿಚಯ ಉಂಟು. ನಾನೂ ಒಂದು ಹೋಟೆಲಿನಲ್ಲಿ ಆ ಕೆಲಸ ಮಾಡಿದವನೇ. ಒಮ್ಮೆ ಹೆಬ್ಬೆರಳಿಗೆ ಚುಚ್ಚಿ, ಕೀವಾಗಿ, ಹನ್ನೆರಡು ದಿನ ಕೆಲಸ ತಪ್ಪಿತು, ಸಂಬಳವೂ ತಪ್ಪಿತು. ಅದೇ ಸಿಪ್ಪೆಯಿಂದ ಗಾಯಕ್ಕೆ ಕಟ್ಟುವ ಪಟ್ಟಿ ಮಾಡುತ್ತಾರೆಂದು ತಿಳಿದಾಗ ನಗುವೂ ಬಂತು, ಸಿಟ್ಟೂ ಬಂತು.

ದಿಲ್ಲಿಗೆ ಸಮುದ್ರವಿಲ್ಲ. ಆದರೂ ಗಾಜಿಪುರದ ಮೀನು ಮಾರುಕಟ್ಟೆಗೆ, ಐ.ಎನ್.ಎ. ಮಾರುಕಟ್ಟೆಗೆ ಸಿಗಡಿ ಬರುತ್ತದೆ. ತಲೆ, ಸಿಪ್ಪೆ ಸೇರಿ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ. ಅದನ್ನು ನಾವು ಕಸದ ಡಬ್ಬಿಗೆ ಸುರಿಯುತ್ತೇವೆ.

ಆ ಸಿಪ್ಪೆಯಲ್ಲಿ ಕೈಟಿನ್ ಎಂಬ ಗಟ್ಟಿ ಪದಾರ್ಥವಿದೆ. ೧೮೧೧ರಲ್ಲಿ ಫ್ರಾನ್ಸಿನ ಬ್ರಾಕೊನೊ ಎಂಬ ವಿಜ್ಞಾನಿ ಇದನ್ನು ಮೊದಲು ಅಣಬೆಯಲ್ಲಿ ಕಂಡರು. ನೀರು ಬೆರೆಸಿದ ಆಮ್ಲದಲ್ಲಿ ಸಿಪ್ಪೆಯನ್ನು ನೆನೆಸಿದರೆ ಸುಣ್ಣದ ಅಂಶ ಕರಗುತ್ತದೆ. ನೀರು ಬೆರೆಸಿದ ಕಾಸ್ಟಿಕ್ ಸೋಡದಲ್ಲಿ ಕಾಯಿಸಿದರೆ ಮಾಂಸದ ಅಂಶ ಹೋಗುತ್ತದೆ. ಉಳಿದದ್ದು ಕೈಟಿನ್. ಅದನ್ನು ಗಾಢವಾದ ಕಾಸ್ಟಿಕ್ ಸೋಡದಲ್ಲಿ ಬೇಯಿಸಿದರೆ ಕೈಟೋಸಾನ್. ೧೯೫೭ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಈ ಕೆಲಸವನ್ನು ಕೈಗಾರಿಕೆಗಳಿಗೆ ಕಲಿಸಿಕೊಟ್ಟಿದೆ.

ಕೈಟೋಸಾನ್ ಬರಿ ನೀರಿನಲ್ಲಿ ಕರಗದು. ವಿನಿಗರಿನಂಥ ಹುಳಿಯಲ್ಲಿ ಕರಗುತ್ತದೆ. ಆಗ ಅದಕ್ಕೆ ಧನ ವಿದ್ಯುತ್ತಿನ ಗುಣ ಬರುತ್ತದೆ. ರೋಗಕ್ರಿಮಿಯ ಮೈಗಿರುವುದು ಋಣ ವಿದ್ಯುತ್ತು. ಎರಡೂ ಸೆಳೆದುಕೊಂಡು ಅಂಟುತ್ತವೆ. ಕ್ರಿಮಿಯ ಹೊರಪೊರೆ ಕೆಟ್ಟು ಒಳಗಿನ ರಸ ಸೋರಿ ಅದು ಸಾಯುತ್ತದೆ. ಎಲ್ಲ ಕ್ರಿಮಿಗಳ ಮೇಲೂ ಇದು ಒಂದೇ ಸಮನಾಗಿ ನಡೆಯದು. ಕೈಟೋಸಾನ್ ರಕ್ತವನ್ನೂ ನಿಲ್ಲಿಸುತ್ತದೆ. ಇದರ ಪಟ್ಟಿಗೆ ಅಮೆರಿಕದಲ್ಲಿ ೨೦೦೨ರಲ್ಲಿ ಒಪ್ಪಿಗೆ ದೊರೆಯಿತು. ಸೈನಿಕರು ಯುದ್ಧದಲ್ಲಿ ಬಳಸಿದರು. ಗಿರಣಿಯ ಗೆಳೆಯರೂ ಕೇಳಿ: ಬಟ್ಟೆಗೆ ಇದನ್ನು ಲೇಪಿಸಿದರೆ ಕ್ರಿಮಿಗಳು ಬೆಳೆಯುವುದು ಕಡಿಮೆಯಾಗುತ್ತದೆ.

ಆದರೆ ಒಂದು ಮಾತು. ಹಸಿ ಸಿಪ್ಪೆಯನ್ನು ಅರೆದು ಯಾರೂ ಗಾಯಕ್ಕೆ ಹಚ್ಚಬೇಡಿ. ಅದರಲ್ಲಿ ಕ್ರಿಮಿಗಳೇ ತುಂಬಿರುತ್ತವೆ. ಕಾಸ್ಟಿಕ್ ಸೋಡ ಕೈ ಸುಡುವ ವಸ್ತು. ಮನೆಯಲ್ಲಿ ಪ್ರಯೋಗ ಬೇಡ. ಮುಳ್ಳು ಚುಚ್ಚಿದರೆ ಸಾಬೂನು ಹಾಕಿ ತೊಳೆಯಿರಿ. ಊದಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿರಿ.

ಬಂಧುಗಳೇ, ಎಸೆಯುವ ಸಿಪ್ಪೆಗೂ ಇಂದು ಬೆಲೆ ಬಂದಿದೆ. ಅದನ್ನು ಬಿಡಿಸುವ ಕೈಗೆ ಬೆಲೆ ಬೇಡವೇ? ಕೈಗವಸು, ಅಡಿಗೆಮನೆಯಲ್ಲೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗಾಯವಾದ ದಿನಗಳ ಸಂಬಳ—ಈ ಮೂರನ್ನು ಕೇಳೋಣ. ನಾನು ಅಂದು ಒಬ್ಬನೇ ಕೇಳಿದೆ, ಸಿಗಲಿಲ್ಲ. ಈ ಸಲ ಎಲ್ಲರೂ ಕೂಡಿ ಕೇಳೋಣ.