ಸೋತವರಿಗೆ ಇನ್ನೊಂದು ದಾಳ

ಜಾನ್ ಹಾರ್ಪರ್ 2009ರಲ್ಲಿ ಹೊರತಂದ ‘ಲೇಡಿ ಬ್ಲ್ಯಾಕ್‌ಬರ್ಡ್’, ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಆಟ. ಒಲ್ಲದ ಮದುವೆ ತಪ್ಪಿಸಿಕೊಂಡ ಸಿರಿವಂತೆ, ಕಳ್ಳಸಾಗಣೆಯ ಹಾರುಹಡಗು ಹತ್ತಿ, ಗಗನಗಳ್ಳರ ದೊರೆಯಾದ ಪ್ರಿಯಕರನತ್ತ ಹೊರಟಿದ್ದಾಳೆ. ಅರ್ಧ ದಾರಿಯಲ್ಲೇ ಸಾಮ್ರಾಜ್ಯದ ಯುದ್ಧನೌಕೆ ಹಡಗನ್ನು ಹಿಡಿದಿದೆ. ಮುಂದಿನ ಕಥೆ ಆಟಗಾರರದು.

ಸೆರೆಕೋಣೆಯ ಬೀಗ ಮುರಿಯಬೇಕು ಅನ್ನಿ. ದಾಳ ಉರುಳಿಸಿ ಗೆದ್ದರೆ, ನಿಮ್ಮ ಸಂಗ್ರಹದಿಂದ ಪಣಕ್ಕಿಟ್ಟ ದಾಳಗಳು ಖರ್ಚಾದವು. ಸೋತರೆ ಅವು ನಿಮ್ಮಲ್ಲೇ ಉಳಿದು, ಇನ್ನೊಂದು ಸೇರುತ್ತದೆ. ಆದರೆ ಸಂಕಟವೂ ಬಿಗಿಯಾಗುತ್ತದೆ. ಸಂಗ್ರಹ ಬರಿದಾದರೆ, ಮತ್ತೆ 7 ದಾಳ ತುಂಬಿಕೊಳ್ಳಲು ಇನ್ನೊಂದು ಪಾತ್ರದೊಡನೆ ಒಂದಿಷ್ಟು ಹೊತ್ತು ಕಳೆಯಬೇಕು. ಆ ಸಿರಿವಂತೆಯನ್ನು ಗುಟ್ಟಾಗಿ ಬಯಸುವ ಹಾರುಹಡಗಿನ ಕಪ್ತಾನ, ಅವಳ ಗಾಯಕ್ಕೆ ಪಟ್ಟಿ ಕಟ್ಟುತ್ತಾ ಹಳೆಯದೇನೋ ಹೇಳಿಕೊಂಡರೂ ಸಾಕು.

ನಮ್ಮ ಮನೆಗಳ ನಿಯಮ ತಿರುಗುಮುರುಗು. ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ಮೊದಲು ಆಟ ಬಂದ್, ಆಮೇಲೆ ಮಾತೂ ಬಂದ್. ಇನ್ನೊಮ್ಮೆ ಎದ್ದು ನಿಲ್ಲಲು ಬೇಕಾದದ್ದನ್ನೇ ಕಿತ್ತುಕೊಂಡು, ಗೆಲ್ಲು ಅನ್ನುತ್ತೇವೆ. ಇವತ್ತು ಯಾರಾದರೂ ಸೋತು ಮನೆಗೆ ಬಂದರೆ, ಕಾರಣ ಕೇಳುವ ಮುನ್ನ ಜೊತೆಗೆ ಕೂತು ಒಂದು ಲೋಟ ಕಾಫಿ ಕುಡಿಯೋಣ.