ಮಾತು ನಮ್ಮದು, ಲೇಖನಿ ಬಲ್ಲವರದಾಗಲಿ

(ತಿಕೋಟಾದಲ್ಲಿ ಜರಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಜಯಪುರ ನಗರವಿರಲಿ, ತಿಕೋಟಾ-ಬಬಲೇಶ್ವರಗಳಿರಲಿ, ನಮ್ಮ ಮನೆಗಳಲ್ಲಿ ಯಾರಿಗಾದರೂ ಸರಕಾರಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಬಿತ್ತೆಂದರೆ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಅಲ್ಲಿ ಯಾರ ಪರಿಚಯ ಐತಿ?’ ಪರಿಚಯದವರು ಸಿಕ್ಕರೆ ಅರ್ಧ ಕೆಲಸ ಆಯಿತೆಂಬ ಸಮಾಧಾನ. ಸಿಗದಿದ್ದರೆ ‘ನಮ್ಮಂಥವರ ಮಾತು ಯಾರು ಕೇಳ್ತಾರೆ’ ಎಂಬ ನಿಟ್ಟುಸಿರು. ಆದರೆ ‘ನೀವು ಅವರಿಗೆ ಏನು ಬರೆದು ಕೊಟ್ಟಿದ್ದೀರಿ?’ ಎಂದು ಕೇಳುವವರು ಅಪರೂಪ. ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯ ಕುರಿತು.

ಮೊದಲು ನನ್ನದೇ ಸೋಲಿನ ಒಂದು ಪ್ರಸಂಗ. ಮದ್ರಸದ ಶಿಕ್ಷಣ ಮುಗಿಸಿ ಬಿ.ಎ. ಪದವಿಯನ್ನೂ ಪಡೆದ ಹೊಸತು. ನಮ್ಮ ಓಣಿಯ ವಿಧವೆಯೊಬ್ಬರ ಮಾಸಾಶನ ನಿಂತುಹೋಗಿತ್ತು. ನಾವೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು. ‘ಬೇಟಾ, ನೀನು ಓದಿದವ, ಒಂದು ಅರ್ಜಿ ಬರೆದುಕೊಡು’ ಎಂದರು. ನಾನು ನಾಲ್ಕು ಪುಟ ಬರೆದೆ. ಅವರ ಪತಿಯ ಮರಣ, ಮಕ್ಕಳ ಬಡತನ, ವಿಧವೆಯರ ಬಗ್ಗೆ ಸಮಾಜದ ನಿರ್ಲಕ್ಷ್ಯ, ಆಡಳಿತದ ಹೊಣೆಗಾರಿಕೆ - ಯಾವುದನ್ನೂ ಬಿಡಲಿಲ್ಲ. ಕಚೇರಿಯ ಗುಮಾಸ್ತರು ಮೊದಲ ಪುಟ ನೋಡಿ, ಕೊನೆಯ ಪುಟ ತಿರುವಿ, ‘ಈಗ ನಿಮಗೆ ಏನಾಗಬೇಕು ಹೇಳ್ರಿ’ ಎಂದರು. ನನ್ನ ನಾಲ್ಕು ಪುಟಗಳಲ್ಲಿ ಇಲ್ಲದಿದ್ದುದು ಅದೊಂದೇ!

ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಹಿರಿಯರೊಬ್ಬರು ಕುಳಿತಿದ್ದರು. ಅವರು ಖಾಲಾರನ್ನು ಎದುರಿಗೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು. ಹಣ ಯಾವ ತಿಂಗಳಿನಿಂದ ಬಂದಿಲ್ಲ? ಮಂಜೂರಾತಿ ಆದೇಶ ಇದೆಯೇ? ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಹೆಸರು ಒಂದೇ ರೀತಿ ಇದೆಯೇ? ಇರಲಿಲ್ಲ. ಒಂದರಲ್ಲಿ ಹೆಸರಿನ ಮುಂದೆ ‘ಬೀ’ ಎಂದಿತ್ತು, ಇನ್ನೊಂದರಲ್ಲಿ ‘ಬೇಗಂ’ ಎಂದಿತ್ತು. ಹಿರಿಯರು ಹನ್ನೆರಡು ಸಾಲು ಬರೆದರು, ಓದಿ ಹೇಳಿದರು, ಹೆಬ್ಬೆಟ್ಟು ಒತ್ತಿಸಿದರು. ಅವರು ಪಡೆದ ಶುಲ್ಕ ಒಂದು ಹೊತ್ತಿನ ಚಹಾ-ನಾಷ್ಟಾದಷ್ಟು. ಆ ಹನ್ನೆರಡು ಸಾಲುಗಳ ಮೇಲೆಯೇ ಮಾಸಾಶನ ಮರಳಿ ಆರಂಭವಾಯಿತು. ಭಾಷೆ ಬಲ್ಲವನೆಲ್ಲ ಅರ್ಜಿ ಬಲ್ಲವನಲ್ಲ ಎಂಬುದನ್ನು ನಾನು ಅಂದು ಕಲಿತೆ. ಅದೊಂದು ಪ್ರತ್ಯೇಕ ವಿದ್ಯೆ. ಅದನ್ನು ಬಲ್ಲವರ ನೆರವು ಪಡೆಯುವುದು ನಾಚಿಕೆಯ ಸಂಗತಿಯಲ್ಲ.

ಈ ವಿದ್ಯೆಗೆ ನಮ್ಮ ಧರ್ಮದಲ್ಲಿ ಎಂತಹ ಸ್ಥಾನವಿದೆ ಎಂಬುದನ್ನು ನಾವು ಮರೆತಿದ್ದೇವೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದು? ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರಹಗಾರನು ನ್ಯಾಯದಿಂದ ಬರೆಯಬೇಕು, ಅಲ್ಲಾಹನು ಕಲಿಸಿದ ವಿದ್ಯೆಯನ್ನು ಬಳಸಿ ಬರೆದುಕೊಡಲು ಅವನು ನಿರಾಕರಿಸಬಾರದು, ಹೊಣೆ ಹೊತ್ತವನು ತಾನೇ ಹೇಳಿ ಬರೆಸಬೇಕು, ಹೇಳಲಾಗದ ದುರ್ಬಲನಾಗಿದ್ದರೆ ಅವನ ಪೋಷಕನು ನ್ಯಾಯವಾಗಿ ಹೇಳಬೇಕು, ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರಹಗಾರನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು - ಇವು ಅದರ ಆಶಯಗಳು. ಗಮನಿಸಿ, ಅಲ್ಲಿ ಲೇಖನಿ ಬರಹಗಾರನ ಕೈಯಲ್ಲಿದೆ, ಮಾತು ಮಾತ್ರ ಸಂಬಂಧಪಟ್ಟವನದು. ನಾನು ಇಂದು ಹೇಳುವುದೆಲ್ಲದರ ಬುಡ ಇಲ್ಲಿಯೇ ಇದೆ.

ಪ್ರವಾದಿಯವರ(ಸ) ಜೀವನವನ್ನೇ ನೋಡಿ. ಅವರು ರೋಮಿನ ಚಕ್ರವರ್ತಿಗೆ ಪತ್ರ ಬರೆಸಲು ಉದ್ದೇಶಿಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ಸಂಗಾತಿಗಳು ತಿಳಿಸಿದರು. ಪ್ರವಾದಿಯವರು(ಸ) ಬೆಳ್ಳಿಯ ಮುದ್ರೆಯುಂಗುರವನ್ನು ಮಾಡಿಸಿದರು. ಸತ್ಯಸಂದೇಶವೇ ಆಗಿದ್ದರೂ, ಪತ್ರ ಯಾರಿಗೆ ತಲುಪಬೇಕೋ ಅವರ ಪದ್ಧತಿಯನ್ನು ಅವರು ಗೌರವಿಸಿದರು. ಹಿಜ್‌ರಿ 6ರ ಹುದೈಬಿಯಾ ಒಪ್ಪಂದವನ್ನು ಬರೆದವರು ಹಝ್ರತ್ ಅಲೀ(ರ). ‘ಅಲ್ಲಾಹನ ಸಂದೇಶವಾಹಕ’ ಎಂಬ ಪದಕ್ಕೆ ಕುರೈಶರ ಪ್ರತಿನಿಧಿ ಸುಹೈಲ್ ಆಕ್ಷೇಪಿಸಿದಾಗ, ಪ್ರವಾದಿಯವರು(ಸ) ಅದನ್ನು ಅಳಿಸಿ ‘ಅಬ್ದುಲ್ಲಾರ ಪುತ್ರ ಮುಹಮ್ಮದ್’ ಎಂದು ಬರೆಸಿದರು. ಒಂದು ಪದಕ್ಕಾಗಿ ಒಪ್ಪಂದವನ್ನು ಬಿಟ್ಟುಕೊಡಲಿಲ್ಲ. ಇಂತಹ ಪ್ರವಾದಿಯ ಅನುಯಾಯಿಗಳಾದ ನಾವು ಅರ್ಜಿಯ ಮೊದಲ ಸಾಲಿನಲ್ಲೇ ಅಧಿಕಾರಿಯನ್ನು ಜರೆದು, ಕೊನೆಯ ಸಾಲಿನಲ್ಲಿ ಅವರ ಕೃಪೆಯನ್ನು ಬೇಡುತ್ತೇವೆ!

ಬರಹದಲ್ಲಿ ಒಂದು ಪದ ತಪ್ಪಿದರೆ ಏನಾಗುತ್ತದೆ? ದೂರ ಹೋಗಬೇಕಾಗಿಲ್ಲ. ಇದೇ ತಿಕೋಟಾ ತಾಲೂಕಿನ ಹೊನವಾಡ ನಮ್ಮ ಮುಂದಿದೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ರೈತರಿಗೆ ಬಂದ ನೋಟೀಸುಗಳಿಂದಾಗಿ, ಊರಿನ ಸುಮಾರು 1,200 ಎಕರೆ ಭೂಮಿ ವಕ್ಫ್‌ನ ಪಾಲಾಗುತ್ತದೆ ಎಂಬ ಭೀತಿ ಹರಡಿತು. ಬಬಲೇಶ್ವರದ ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಎಂ.ಬಿ. ಪಾಟೀಲರು ಅದಕ್ಕೆ ನೀಡಿದ ವಿವರಣೆ ಹೀಗಿತ್ತು: 1974ರ ಗೆಜೆಟ್‌ನಲ್ಲಿ ವಿಜಯಪುರ ನಗರದ ಮಹಲ್ ಬಾಗಾಯತದ ಹೆಸರಿನ ಪಕ್ಕದಲ್ಲಿ ‘ಹೊನವಾಡ’ ಎಂಬುದು ಆವರಣದೊಳಗೆ ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಗಿತ್ತು, ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು ಬರಿಯ 11 ಎಕರೆಯಷ್ಟು, ಅದರಲ್ಲಿಯೂ ಬಹುಪಾಲು ಖಬರಸ್ತಾನ.

ಸಹೋದರರೇ, ಯೋಚಿಸಿ. ಆವರಣದೊಳಗೆ ಬಿದ್ದ ಒಂದು ಊರಿನ ಹೆಸರು! ಅದರ ತಿದ್ದುಪಡಿ ಕಡತದಲ್ಲಿ 47 ವರ್ಷಗಳಿಂದ ಮಲಗಿತ್ತು. ಆದರೆ ಮುಂದಾದುದೇನು? ನಗರದಲ್ಲಿ ಧರಣಿಗಳಾದವು, ದೂರದ ನಾಯಕರು ಬಂದರು, ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರು ನವೆಂಬರ್‌ನಲ್ಲಿ ವಿಜಯಪುರಕ್ಕೆ ಬಂದು ಅಹವಾಲು ಸ್ವೀಕರಿಸಿದರು. ನೋಟೀಸುಗಳನ್ನು ಹಿಂದೆಗೆದುಕೊಳ್ಳಲು ಮುಖ್ಯಮಂತ್ರಿ ಸೂಚಿಸಬೇಕಾಯಿತು. ಅಷ್ಟರಲ್ಲಿ ತಲೆತಲಾಂತರದಿಂದ ಒಂದೇ ಬಾವಿಯ ನೀರು ಕುಡಿದ ರೈತನಿಗೂ ಮುಸ್ಲಿಮನಿಗೂ ನಡುವೆ ಸಂಶಯದ ಗೋಡೆ ಎದ್ದಿತ್ತು. ತನ್ನ ಹೊಲಕ್ಕೆ ಅಂಜಿದ ರೈತನನ್ನು ನಾವು ದೂಷಿಸಲಾಗದು. ಆ ಅಂಜಿಕೆಯಿಂದ ಮತ ಬೆಳೆಯಲು ಹೊರಟವರ ಮಾತು ಬೇರೆ. ಆದರೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: 1977ರ ತಿದ್ದುಪಡಿಯ ಪ್ರತಿಯನ್ನು ಲಗತ್ತಿಸಿ, ‘ಈ ಭೂಮಿಗೂ ವಕ್ಫ್‌ಗೂ ಸಂಬಂಧವಿಲ್ಲ’ ಎಂದು ಮೊದಲೇ ಒಂದು ಪುಟದ ಪತ್ರ ಬರೆಯಬಲ್ಲವರು ನಮ್ಮಲ್ಲಿ ಯಾರಿದ್ದರು? ಬರೆದಿದ್ದರೆ ಅದು ರೈತನಿಗೆ ನ್ಯಾಯ, ವಕ್ಫ್‌ಗೆ ಗೌರವ, ಊರಿಗೆ ಶಾಂತಿ.

ಇದರ ಇನ್ನೊಂದು ಮುಖವೂ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ಉಮೀದ್ ಪೋರ್ಟಲ್ ಆರಂಭಿಸಿ, ನೋಂದಾಯಿತ ವಕ್ಫ್ ಆಸ್ತಿಗಳ ವಿವರಗಳನ್ನು ಆರು ತಿಂಗಳೊಳಗೆ ದಾಖಲಿಸುವಂತೆ ಹೇಳಿತು. ಆ ಕಾಯಿದೆಯ ಬಗ್ಗೆ ನಮಗಿರುವ ಆಕ್ಷೇಪಗಳು ಬೇರೆ ಮಾತು. ಆದರೆ ಸರ್ವೆ ಸಂಖ್ಯೆ, ಚಕ್ಕುಬಂದಿ, ಗೆಜೆಟ್‌ನ ದಿನಾಂಕಗಳಿಗಾಗಿ ಮುತವಲ್ಲಿಗಳು ಪರದಾಡಿದ್ದು ಸುಳ್ಳಲ್ಲ. ನೂರು ಎಕರೆಗಾಗಿ ಭಾಷಣ ಮಾಡಬಲ್ಲ ನಮಗೆ ಹತ್ತು ಗುಂಟೆಯ ಕಾಗದವನ್ನು ಸರಿಯಾಗಿ ಇಟ್ಟುಕೊಳ್ಳಲಾಗಲಿಲ್ಲವೆಂದರೆ ಅದು ವೈರಿಗಳ ತಪ್ಪಲ್ಲ.

ಹಾಗಾದರೆ ಒಳ್ಳೆಯ ಅರ್ಜಿ ಹೇಗಿರಬೇಕು? ಬೇವಿನ ಮರದ ಕೆಳಗಿನ ಆ ಹಿರಿಯರಿಂದ ಕಲಿತದ್ದನ್ನೇ ಹೇಳುತ್ತೇನೆ. ಯಾರಿಗೆ ಎಂಬುದನ್ನು ಹುದ್ದೆಯ ಹೆಸರಿನಿಂದ ಬರೆಯಬೇಕು. ಯಾಕೆಂದರೆ ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ. ವಿಷಯ ಒಂದೇ ಸಾಲಿನಲ್ಲಿರಬೇಕು. ಹಿಂದಿನ ಪತ್ರ ಅಥವಾ ನೋಟೀಸಿನ ಸಂಖ್ಯೆ-ದಿನಾಂಕ ಉಲ್ಲೇಖದಲ್ಲಿ ಬರಬೇಕು. ಆನಂತರ ನಡೆದದ್ದೇನು, ಯಾವ ದಿನ, ನನಗೆ ಬೇಕಾದುದೇನು. ಕೊನೆಗೆ ಲಗತ್ತುಗಳ ಪಟ್ಟಿ, ಸಹಿ, ವಿಳಾಸ. ಒಂದು ಅರ್ಜಿಯಲ್ಲಿ ಒಂದೇ ಕೋರಿಕೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳೇ ಒಂದು ವಿಷಯ, ಸಾಧಾರಣವಾಗಿ 150 ಪದಗಳ ಮಿತಿ ಎನ್ನುತ್ತವೆ. ನನ್ನ ಅಂದಿನ ನಾಲ್ಕು ಪುಟಗಳು ಅಲ್ಲಿಯೂ ಸಲ್ಲುತ್ತಿರಲಿಲ್ಲ!

ನಮ್ಮ ಭಾಗದವರು ವಿಶೇಷವಾಗಿ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಒಂದು, ಹೆಸರು. ‘ಸಾಬ’, ‘ಬೀ’, ‘ಬೇಗಂ’, ‘ಅಹಮದ’, ‘ಅಹ್ಮದ್’ ಎಂದು ಒಬ್ಬರದೇ ಹೆಸರು ನಾಲ್ಕು ಕಾಗದಗಳಲ್ಲಿ ನಾಲ್ಕು ರೀತಿ ಇದ್ದರೆ, ನಾಲ್ವರೂ ಒಬ್ಬರೇ ಎಂದು ಅರ್ಜಿಯಲ್ಲಿಯೇ ತಿಳಿಸಿ ಆಧಾರ ಲಗತ್ತಿಸಬೇಕು. ಎರಡು, ಊರು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆನಂತರ ತಿಕೋಟಾ, ಬಬಲೇಶ್ವರ ಪ್ರತ್ಯೇಕ ತಾಲೂಕುಗಳಾದವು. ನಿಮ್ಮ ತಂದೆಯ ಉತಾರದಲ್ಲಿ ‘ಬಿಜಾಪುರ ತಾಲೂಕು’ ಎಂದಿರಬಹುದು. ಹಳೆಯದನ್ನೂ ಹೊಸದನ್ನೂ ಕೂಡಿಸಿ ಬರೆಯಿರಿ, ಅರ್ಜಿಯನ್ನು ಸರಿಯಾದ ತಾಲೂಕಿನ ಕಚೇರಿಗೆ ಕೊಡಿ.

ಭಾಷೆಯ ಬಗ್ಗೆಯೂ ಸಂಕೋಚ ಬೇಡ. ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ತೂಕ ಎಂಬುದು ಭ್ರಮೆ. ನಮ್ಮ ಊರನ್ನೇ ಆಳಿದ ಒಂದನೆಯ ಇಬ್ರಾಹೀಮ್ ಆದಿಲ್‌ಶಾಹ 16ನೆಯ ಶತಮಾನದಲ್ಲಿ ಸರಕಾರದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶೀಯ ಭಾಷೆಗೆ ಬದಲಿಸಿದನೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಅರಸನಿಗೆ ಇದ್ದ ವಿವೇಕ ನಮಗೂ ಇರಲಿ. ಮನೆಯಲ್ಲಿ ಉರ್ದು ಇರಲಿ, ಮಕ್ಕಳ ಕೈಯಲ್ಲಿ ಕನ್ನಡದ ಲೇಖನಿಯೂ ಇರಲಿ.

ಈಗ, ನೆರವು ಯಾರಿಂದ? ಸಾಮಾನ್ಯ ಅರ್ಜಿಗೆ ಕಚೇರಿಯ ಮುಂದಿನ ಅರ್ಜಿ ಬರಹಗಾರರು ಸಾಕು. ಕ್ರಯಪತ್ರ, ದಾನಪತ್ರಗಳಿಗೆ ಪರವಾನಗಿಯುಳ್ಳ ದಸ್ತಾವೇಜು ಬರಹಗಾರರು, ಅಂದರೆ ನಮ್ಮ ಕಡೆಯ ಬಾಂಡ್ ರೈಟರ್‌ಗಳು ಬೇಕು. ಕಾನೂನಿನ ನೋಟೀಸು ಬಂದರೆ ವಕೀಲರೇ ಆಗಬೇಕು, ಅಲ್ಲಿ ಜಿಪುಣತನ ಸಲ್ಲದು. ಹಣವಿಲ್ಲದವರು ನಿರಾಶರಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಆದಾಯದ ಲೆಕ್ಕವಿಲ್ಲದೆ ಉಚಿತ ನೆರವಿಗೆ ಅರ್ಹರು. ಅಂದರೆ ಈ ಸಭೆಯಲ್ಲಿರುವ ಪ್ರತಿಯೊಬ್ಬ ಸಹೋದರಿಗೂ ಆ ಹಕ್ಕಿದೆ. ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಅದಕ್ಕಾಗಿಯೇ. 15100 ಎಂಬ ಸಂಖ್ಯೆಗೆ ಕರೆಮಾಡಿಯೂ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನು ಬರೆಯಲಾರದವನು ಬಾಯಿಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು 2005ರ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಬ್ಯಾಂಕಿನಿಂದ ಅನ್ಯಾಯವಾದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು, ಅದಕ್ಕೆ ಶುಲ್ಕವಿಲ್ಲ.

ಆದರೆ ಎಚ್ಚರಿಕೆ! ಬರೆದುಕೊಡುವವನು ಬೇರೆ, ‘ಮಾಡಿಸಿಕೊಡುವವನು’ ಬೇರೆ. ‘ಒಳಗೆ ಕೊಡಬೇಕು’ ಎಂದು ಹಣ ಕೇಳುವವನು ಬರಹಗಾರನಲ್ಲ, ದಲ್ಲಾಳಿ. ಅವನ ಮೂಲಕ ಕೊಡುವುದು ಲಂಚ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿಯವರು(ಸ) ಶಪಿಸಿದ್ದಾರೆ. ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ. ಬರೆದುದನ್ನು ಪೂರ್ತಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಕೆಲಸವಾಗಲೆಂದು ಬರಹಗಾರನು ಒಂದು ಸುಳ್ಳು ಸೇರಿಸಿದರೆ, ಇಲ್ಲದ ಬಡತನವನ್ನು ಬರೆದರೆ, ಅದನ್ನು ತೆಗೆಸಿರಿ. ಕಾಗದದ ಮೇಲಿನ ಸಹಿ ನಿಮ್ಮದು, ನಾಳೆ ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದವರೂ ನೀವೇ. ಹಾಗೆಯೇ, ಪ್ರಾಮಾಣಿಕ ಬರಹಗಾರನ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸ್ ಹಮಾಲಿಗೆ ಮಾತ್ರ ಅನ್ವಯಿಸುವುದಲ್ಲ.

ಅರ್ಜಿ ಕೊಟ್ಟ ಮೇಲೆ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಆವಕ ಸಂಖ್ಯೆ ಪಡೆಯಲೇಬೇಕು. ಸಕಾಲದ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಡಿ. ಹಳೆಯ ರಿಜಿಸ್ಟರ್ ಅಂಚೆ 2025ರಲ್ಲಿ ಅದರಲ್ಲಿಯೇ ವಿಲೀನವಾಗಿದೆ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಪ್ರತಿಯೊಂದು ಜಮಾಅತ್‌ನಲ್ಲಿ ಪದವೀಧರರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ. ಶುಕ್ರವಾರ ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿರಿ. ಒಂದು ಗಂಟೆ ಅರ್ಜಿ ಬರೆದುಕೊಡಿರಿ. ಸಹೋದರಿಯರಿಗಾಗಿ ಕಲಿತ ಸಹೋದರಿಯರೇ ಮನೆಯೊಂದರಲ್ಲಿ ಕುಳಿತುಕೊಳ್ಳಲಿ. ಅಲ್ಲಿಗೆ ಬರುವವನ ಜಾತಿ ಧರ್ಮ ಕೇಳಬೇಡಿ. ಹೊನವಾಡದ ರೈತನೊಬ್ಬ ತನ್ನ ಉತಾರ ಹಿಡಿದುಕೊಂಡು ಮಸೀದಿಯ ಅಂಗಳಕ್ಕೆ ಬಂದು, ನಮ್ಮ ಹುಡುಗನ ಕೈಯಿಂದ ಅರ್ಜಿ ಬರೆಯಿಸಿಕೊಂಡು ಹೋಗುವ ದಿನ ಬಂದರೆ, ಗೆಜೆಟ್‌ನ ಆ ಆವರಣದಿಂದ ಎದ್ದ ಗೋಡೆಯ ಒಂದು ಕಲ್ಲಾದರೂ ಕಳಚಿ ಬಿದ್ದೀತು.

ಬರೆಯಲು ಬಲ್ಲವನು ನಿರಾಕರಿಸಬಾರದೆಂಬುದು ಅಲ್ಲಾಹನ ಆದೇಶ. ಆ ಆದೇಶವನ್ನು ಪಾಲಿಸುವ ಭಾಗ್ಯವನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್. ವಸ್ಸಲಾಮ್.